ಇಂಗ್ಲೆಂಡಿನ ನೆಲಮಾಳಿಗೆಯಲ್ಲಿ ಬೋರರ್ ಟ್ರೇಸಿಂಗ್

ಹೊರಡುವ ಮುಂಚೆ

ಪರದೇಶಕ್ಕೆ ಹೋಗಿ ಬಂದವರು ಸೇತುವೆ, ಅರಮನೆ, ಹಿಮದ ಬಗ್ಗೆ ಹೇಳುತ್ತಾರೆ. ನಾನು ಇಂಗ್ಲೆಂಡಿನಲ್ಲಿ ಹನ್ನೆರಡು ದಿನ ಇದ್ದೆ. ಅದರಲ್ಲಿ ಒಂಬತ್ತು ದಿನ ನೆಲದ ಕೆಳಗಿದ್ದೆ. ಹಾಗಾಗಿ ಆ ದೇಶದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕಂಡದ್ದು. ಅದನ್ನೇ ಬರೆಯುತ್ತೇನೆ.

ನಾನು ಹೋದದ್ದು ಮೂರು ಪುಟದ ಒಂದು ಲೇಖನ ಹುಡುಕಿಕೊಂಡು.

ಅಪ್ಪ ಮಲ್ಲಂದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿ. ನಮ್ಮ ಕಡೆಯವರಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಜೀಪಿನ ಹಿಂದೆ ನಿಂತು ಹೈಸ್ಕೂಲು, ಹಾಸ್ಟೆಲ್ಲಿನ ನೀರು ಸಾರಿನಲ್ಲಿ ಕಾಲೇಜು ಮುಗಿಸಿದ್ದೇನೆ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಎಮ್ಮೆಸ್ಸಿ ಆದಮೇಲೆ ಪಿಎಚ್.ಡಿಗೆ ಸೇರಿ ಕಾಫಿ ಗಿಡದ ಬೋರರ್ ಹುಳುವನ್ನು ಹಿಡಿದುಕೊಂಡೆ. ಈ ಹುಳು ಕಾಂಡದೊಳಗೆ ಸುರಂಗ ಕೊರೆದು ಗಿಡವನ್ನು ಸಾಯಿಸುತ್ತದೆ. "ನೆರಳು ಕಡ್ದು ಬಿಸ್ಲು ಬಿಟ್ಟಲ್ಲೆಲ್ಲ ಬೋರರ್ ಜಾಸ್ತಿ" ಎಂದು ಅಪ್ಪ ನಾನು ಸಣ್ಣವಳಿದ್ದಾಗಿಂದ ಹೇಳುತ್ತಿದ್ದ. ಅದು ನಿಜವೇ ಎಂದು ನಾಲ್ಕು ವರ್ಷ ತೋಟ ತೋಟ ತಿರುಗಿ ಗಿಡ ಎಣಿಸಿದೆ. ನಾನು ನೋಡಿದ ತೋಟಗಳಲ್ಲಿ ಅಪ್ಪನ ಮಾತು ಸರಿಯಿತ್ತು. ಪ್ರಬಂಧ ಬರೆದು ಗೈಡ್ ಮುಂದಿಟ್ಟೆ.

ನಮ್ಮ ಗೈಡ್ ಕೀಟಶಾಸ್ತ್ರದ ಪ್ರೊಫೆಸರು, ನಿವೃತ್ತಿಯ ಅಂಚಿನಲ್ಲಿದ್ದರು. ಪೂರ್ತಿ ಓದಿ ಕನ್ನಡಕ ತೆಗೆದರು.

"ನೋಡಮ್ಮ, ಸ್ವಾತಂತ್ರ್ಯಕ್ಕೆ ಮುಂಚೆ ಒಬ್ಬ ಇಂಗ್ಲಿಷ್ ಸಾಹೇಬ ನಮ್ಮ ಸೀಮೆಗೇ ಬಂದು, ನೆರಳಿಗೂ ಬೋರರ್‌ಗೂ ಸಂಬಂಧ ಇಲ್ಲ ಅಂತ ಬರ್ದಿದಾನೆ. ಅವತ್ತಿಂದ ಎಲ್ರೂ ಅದನ್ನೇ ಎತ್ತಿ ಬರೀತಾರೆ. ನೀನು ಉಲ್ಟಾ ಹೇಳ್ತಿದೀಯ. ಪರೀಕ್ಷಕರು ಕೇಳೋ ಮೊದಲನೇ ಪ್ರಶ್ನೆ ಅದೇ. ಆ ಲೇಖನ ಓದ್ಕೊಂಡು ಬಾ. ಅಲ್ಲೀವರೆಗೆ ನಾನು ಸಹಿ ಹಾಕಲ್ಲ."

"ನೀವು ಓದಿದೀರಾ ಸರ್?"

ಅವರು ಕನ್ನಡಕ ಒರೆಸುತ್ತ ಕೂತರು. "ನಾನೂ ಎತ್ತಿ ಬರ್ದೋನೇ ಕಣಮ್ಮ."

ಆಗೆಲ್ಲ ಯಾರದಾದರೂ ಲೇಖನ ಬೇಕಾದರೆ ಅವರಿಗೇ ಕಾರ್ಡು ಬರೆದು ಒಂದು ಪ್ರತಿ ಬೇಡುತ್ತಿದ್ದೆವು. ಈ ಸಾಹೇಬ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ನಮ್ಮ ಗ್ರಂಥಾಲಯದ ಬೀರುವಿನಲ್ಲಿ ಆ ಜರ್ನಲ್ಲಿನ ಎರಡು ಸಂಪುಟ ಇದ್ದವು, ಅವನ್ನು ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು. ಬೆಂಗಳೂರಿನಲ್ಲೂ ಸಿಗಲಿಲ್ಲ. ಕೊನೆಗೆ, ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಮೊದಲಿಂದ ಕೊನೆಯವರೆಗೂ ಇದೆ ಎಂದು ಗೊತ್ತಾಯಿತು. ಒಂದು ಪ್ರಯಾಣ ವೇತನಕ್ಕೆ ಅರ್ಜಿ ಹಾಕಿದ್ದೆ, ಅದು ನನಗೇ ಬಂತು. ಎಸ್ಟೇಟ್ ಬಂಗಲೆಯ ಅಮ್ಮಾವ್ರು ತಮ್ಮ ಹಳೆಯ ಉಣ್ಣೆಯ ಕೋಟು ಕೊಟ್ಟರು. ಅವರು ಎತ್ತರದ ಹೆಂಗಸು. ಕೋಟು ನನ್ನ ಪಾದ ಮುಟ್ಟುತ್ತಿತ್ತು.

"ಕೋಟಿಗೆ ಕೆಸ್ರು ಮಾಡ್ಕೋಬೇಡ ಮಾರಾಯ್ತಿ, ಅಮ್ಮಾವ್ರಿಗೆ ವಾಪಸ್ ಕೊಡ್ಬೇಕು" ಎಂದು ಅಪ್ಪ ಬಸ್ಸಿನ ಕಿಟಕಿಯಲ್ಲಿ ನಿಂತು ಹೇಳಿದ. ಮಗಳು ವಿಮಾನ ಹತ್ತುವವಳು ಎನ್ನುವುದಕ್ಕಿಂತ ಅವನಿಗೆ ಕೋಟಿನ ಚಿಂತೆ ದೊಡ್ಡದಾಗಿತ್ತು.

ಮೊದಲ ದಿನ: ಯಾರೂ ತಡೆಯದ ಬಾಗಿಲು

ನಮ್ಮಲ್ಲಿ ಗ್ರಂಥಾಲಯಕ್ಕೆ ಕಾಲಿಟ್ಟರೆ ಅಟೆಂಡರ್ ಕೇಳುವುದು ಎರಡೇ ಪ್ರಶ್ನೆ: ಯಾರು, ಯಾಕೆ. ಆ ಅಭ್ಯಾಸದಿಂದ ನಾನು ಫೈಲಿನಲ್ಲಿ ನಾಲ್ಕು ಪತ್ರ ಒಯ್ದಿದ್ದೆ. ಗೈಡಿನದು, ವಿಭಾಗದ್ದು, ರಿಜಿಸ್ಟ್ರಾರ್ ಅವರದು, ಇರಲಿ ಎಂದು ಹಾಸ್ಟೆಲ್ ವಾರ್ಡನ್ನರದೂ ಒಂದು. ಎಲ್ಲಕ್ಕೂ ಸೀಲು ಬಿದ್ದಿತ್ತು.

ಬಾಗಿಲು ತಾನಾಗಿ ತೆರೆಯಿತು. ಒಳಗೆ ಯಾರೂ ತಡೆಯಲಿಲ್ಲ. ನಾನೇ ಮೇಜಿನ ಬಳಿ ಹೋಗಿ ನಾಲ್ಕೂ ಪತ್ರ ಹರಡಿದೆ. ಅಲ್ಲಿ ಕೂತಿದ್ದ ಹೆಂಗಸಿಗೆ ಐವತ್ತೈದು ಇರಬಹುದು, ಕನ್ನಡಕಕ್ಕೆ ಸರಪಳಿ ಹಾಕಿ ಕೊರಳಿಗೆ ಬಿಟ್ಟುಕೊಂಡಿದ್ದರು. ಹೆಸರು ಡೊರೊಥಿ. ಅವರ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಚೆನ್ನಾಗಿದೆ. ಇದರಲ್ಲಿ ನಿಮ್ಮ ಹೆಸರು ಯಾವುದು?" ಎಂದರು. ತೋರಿಸಿದೆ. ಒಂದು ಕಾರ್ಡು ಬರೆದು ಕೊಟ್ಟರು. ಅಷ್ಟೇ. ಒಂದು ಸೀಲನ್ನೂ ಓದಲಿಲ್ಲ. ಆ ಸೀಲುಗಳಿಗೆ ನಾನು ಎಷ್ಟು ದಿನ ಕಾದಿದ್ದೆ ಎಂದು ಅವರಿಗೇನು ಗೊತ್ತು. ಸ್ವಲ್ಪ ಬೇಜಾರೇ ಆಯಿತು.

ಕಂಪ್ಯೂಟರಿನ ಹಸಿರು ಅಕ್ಷರದಲ್ಲಿ ಜರ್ನಲ್ಲಿನ ಹೆಸರು ಹೊಡೆದೆ. ಹಳೆಯ ಸಂಪುಟಗಳೆಲ್ಲ ನೆಲಮಾಳಿಗೆಯಲ್ಲಿವೆ ಎಂದು ಬಂತು. ಇಳಿದುಹೋದೆ. ಅಲ್ಲಿನ ಕಪಾಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಪ್ರತಿ ಕಪಾಟಿನ ತುದಿಯಲ್ಲಿ ಒಂದು ಚಕ್ರ. ಅದನ್ನು ತಿರುಗಿಸಿದರೆ ಇಡೀ ಕಪಾಟು ಹಳಿಯ ಮೇಲೆ ಜರುಗಿ, ಒಬ್ಬರು ಹೋಗುವಷ್ಟು ದಾರಿ ಬಿಡುತ್ತದೆ. ನನಗೆ ಬೇಕಾದ ಹನ್ನೊಂದನೆಯ ಸಂಪುಟ ಹತ್ತೇ ನಿಮಿಷದಲ್ಲಿ ಕೈಗೆ ಬಂತು. ಎಲ್ಲರೂ ಎತ್ತಿ ಬರೆಯುವ ಆ ಪುಟ ತೆರೆದೆ.

ಅಲ್ಲಿ ಸಿಲೋನಿನ ತೆಂಗಿನ ಬಗ್ಗೆ ಒಂದು ಲೇಖನವಿತ್ತು. ಬೋರರ್ ಇರಲಿಲ್ಲ. ಹಿಂದೆ ಮುಂದೆ ತಿರುವಿದೆ, ಇಡೀ ಸಂಪುಟದಲ್ಲಿ ಕಾಫಿಯ ಹೆಸರೇ ಇಲ್ಲ. ಯಾರೋ ಒಬ್ಬರು ಎಂದೋ ಸಂಪುಟದ ಸಂಖ್ಯೆಯನ್ನು ತಪ್ಪಾಗಿ ಬರೆದಿದ್ದಾರೆ, ಉಳಿದವರೆಲ್ಲ ಅದನ್ನೇ ನಕಲು ಮಾಡಿದ್ದಾರೆ. ನಮ್ಮ ಗೈಡೂ ಸೇರಿ.

ಡೊರೊಥಿಯನ್ನು ಕೇಳಿದೆ. "ಆ ಜರ್ನಲ್ಲಿನದು ದೊಡ್ಡ ಕತೆ. ಮೂರು ಸಲ ಹೆಸರು ಬದಲಾಗಿದೆ, ನಡುವೆ ಬೇರೆ ಪತ್ರಿಕೆಗಳ ಜೊತೆ ಸೇರಿದೆ. ಬೈಂಡ್ ಮಾಡಿದವರು ವಿಷಯಸೂಚಿಗಳನ್ನೂ ಕಿತ್ತು ಹಾಕಿದ್ದಾರೆ" ಎಂದರು.

"ಹಾಗಾದ್ರೆ ಲೇಖನ ಎಲ್ಲಿರಬಹುದು?"

ಅವರು ಕನ್ನಡಕ ಏರಿಸಿ ನೆಲಮಾಳಿಗೆಯ ಉದ್ದಕ್ಕೂ ನೋಡಿದರು. "ಈ ಕಪಾಟುಗಳಲ್ಲಿ ಎಲ್ಲೋ ಇದೆ."

ಮೂರನೆಯ ದಿನ: ಟ್ರಾಲಿ

ಮೂರು ದಿನ ಮನಸ್ಸಿಗೆ ಬಂದ ಕಡೆ ಕೈಹಾಕಿದೆ. ಇದು ಇರಬಹುದು, ಅದು ಇರಬಹುದು ಎಂದು ಅಲ್ಲೊಂದು ಇಲ್ಲೊಂದು ಸಂಪುಟ ಎಳೆದು ನೋಡುವುದು. ನೋಡಿದ್ದನ್ನು ಒರೆಸಿ, ತೆಗೆದ ಜಾಗದಲ್ಲೇ ಇಡುವುದು. ಸಂಜೆ ಮೇಜು ಕನ್ನಡಿಯ ಹಾಗಿರುತ್ತಿತ್ತು. ಇದು ನಮ್ಮ ಮನೆಯ ಪಾಠ. ಕತ್ತಿ, ಗುದ್ದಲಿ ಏನೇ ತೆಗೆದುಕೊಂಡರೂ ಸಂಜೆ ತೊಳೆದು ಸ್ಟೋರಿಗೆ ಕೊಟ್ಟೇ ಹೊರಡಬೇಕು.

ಶುಕ್ರವಾರ ಡೊರೊಥಿ ಕೆಳಗೆ ಬಂದರು. "ನೀವು ಮೂರು ದಿನದಿಂದ ಇಲ್ಲಿದ್ದೀರಿ. ಆದರೆ ನಮ್ಮ ಪಟ್ಟಿಯ ಪ್ರಕಾರ ಯಾರೂ ಏನೂ ಓದಿಲ್ಲ."

"ಓದಿದೀನಿ. ಎಲ್ಲ ವಾಪಸ್ ಇಟ್ಟಿದೀನಿ."

"ಅದೇ ತೊಂದರೆ. ಓದಿದ್ದನ್ನು ಮೇಜಿನ ಮೇಲೆ ಬಿಟ್ಟು ಹೋಗಬೇಕು. ನಾವು ಅದನ್ನು ಬರೆದುಕೊಂಡು ಟ್ರಾಲಿಯಲ್ಲಿ ಒಯ್ದು ಇಡುತ್ತೇವೆ. ಯಾರೂ ಮುಟ್ಟದ ಜರ್ನಲ್ಲುಗಳನ್ನು ವರ್ಷಕ್ಕೊಮ್ಮೆ ಇಲ್ಲಿಂದ ಹೊರಗೆ ಸಾಗಿಸುತ್ತಾರೆ. ನೀವು ಇಷ್ಟು ಒಪ್ಪವಾಗಿದ್ದರೆ ನಿಮ್ಮ ಬೋರರ್ ಮೊದಲ ಲಾರಿಯಲ್ಲೇ ಹೋಗುತ್ತದೆ."

ನಾನು ತಲೆಯಾಡಿಸಿದೆ. ಆದರೂ ಆ ಸಂಜೆ ಸಂಪುಟಗಳನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಬರಲು ಕೈ ಬರಲಿಲ್ಲ. ಕಡೆಗೆ ಎತ್ತರದ ಪ್ರಕಾರ ಜೋಡಿಸಿ, ಅಂಚು ಸರಿ ಮಾಡಿ ಬಂದೆ.

ಅದೇ ದಿನ ಇನ್ನೊಂದು ಆಯಿತು. ಎರಡು ಕಪಾಟುಗಳ ನಡುವೆ ನಾನು ಕುಕ್ಕರುಗಾಲಲ್ಲಿ ಕೂತಿದ್ದೆ. ಹೊರಗೆ ಯಾರೋ ಚಕ್ರ ತಿರುಗಿಸಿದರು. ಕಪಾಟು ಸದ್ದಿಲ್ಲದೆ ನನ್ನ ಕಡೆಗೆ ಬರತೊಡಗಿತು. ನನಗೆ ಇಂಗ್ಲಿಷು ಬರುತ್ತದೆ, ಇಂಗ್ಲಿಷಿನಲ್ಲೇ ಪ್ರಬಂಧ ಬರೆದವಳು, ಆದರೆ ಬಾಯಿಂದ ಬಂದದ್ದು, "ಅಯ್ಯೋ, ನಿಲ್ಸಿ ಮಾರಾಯ್ರೇ." ಕಪಾಟು ನಿಂತಿತು. ಸಂದಿಯಿಂದ ಒಬ್ಬ ಮುದುಕರು ಇಣುಕಿ ಆರು ಸಲ ಕ್ಷಮೆ ಕೇಳಿದರು. ಆ ದೇಶದಲ್ಲಿ ಅವರ ಕಾಲನ್ನು ನಾವು ತುಳಿದರೂ ಕ್ಷಮೆ ಕೇಳುವವರು ಅವರೇ.

ಭಾನುವಾರ: ಫೋನು

ಶನಿವಾರವೂ ಬರಿಗೈ. ಭಾನುವಾರ ಗ್ರಂಥಾಲಯಕ್ಕೆ ರಜೆ. ಬೆಳಿಗ್ಗೆ ರಸ್ತೆ ಬದಿಯ ಫೋನ್ ಡಬ್ಬಿಗೆ ಹೋಗಿ ಮಲ್ಲಂದೂರಿನ ಎಸ್‌ಟಿಡಿ ಅಂಗಡಿಗೆ ಮಾಡಿದೆ. ಅಲ್ಲಿ ಆಗ ಸಂಜೆ. ಅಪ್ಪ ಮೊದಲೇ ಮಾತಾಡಿಕೊಂಡಿದ್ದಂತೆ ಬಂದು ಕೂತಿದ್ದ.

"ಸಿಕ್ತಾ?"

"ಇಲ್ಲ ಅಪ್ಪ. ಕೊಟ್ಟಿದ್ದ ನಂಬರೇ ತಪ್ಪು. ನೂರಾರು ಪುಸ್ತಕ ಇವೆ. ಇನ್ನು ಐದು ದಿನ ಅಷ್ಟೇ. ಸಿಗದಿದ್ರೆ ಸರ್ ಸಹಿ ಹಾಕಲ್ಲ, ನಾಲ್ಕು ವರ್ಷ ಮಾಡಿದ್ದು ಹೋಯ್ತು."

"ಅಳ್ಬೇಡ. ಹೆಂಗ್ ಹುಡುಕ್ತಿದೀಯ ಹೇಳು."

"ಇರಬಹುದು ಅನ್ಸಿದ್ದನ್ನ ತೆಗೆದು ನೋಡ್ತೀನಿ."

ಆ ಕಡೆಯಿಂದ, ಅಪ್ಪ ತೋಟದಲ್ಲಿ ಹೊಸಬರಿಗೆ ಬೈಯುವ ದನಿ ಬಂತು. "ಟ್ರೇಸಿಂಗಿಗೆ ಹೋದಾಗ ನಾವು ಅನ್ಸಿದ ಗಿಡ ನೋಡ್ತೀವಾ? ಬೋರರ್ ಇರೋ ಗಿಡ ಕೂಗಿ ಕರೆಯುತ್ತಾ? ಎಷ್ಟು ಓದಿದೀಯ, ಇಷ್ಟು ಗೊತ್ತಾಗಲ್ವಾ ನಿಂಗೆ?"

ಟ್ರೇಸಿಂಗ್ ಎಂದರೆ ಬೋರರ್ ಹೊಕ್ಕ ಗಿಡಗಳನ್ನು ಪತ್ತೆ ಮಾಡುವ ಕೆಲಸ. ಒಂದೊಂದು ಸಾಲಿಗೆ ಒಬ್ಬೊಬ್ಬ ಹೆಂಗಸು ನಿಲ್ಲುತ್ತಾಳೆ. ಪ್ರತಿ ಗಿಡದ ಕಾಂಡಕ್ಕೆ ಕೈ ಆಡಿಸಿ, ಬಳೆಯಂಥ ಉಬ್ಬು ಸಿಕ್ಕರೆ ಅದಕ್ಕೆ ಒಂದು ಬಟ್ಟೆಯ ಚೂರು ಕಟ್ಟುತ್ತಾಳೆ. ಹಿಂದೆ ಬರುವ ಗಂಡಾಳುಗಳು ಆ ಗಿಡ ಕಿತ್ತು ಸುಡುತ್ತಾರೆ. ಅಪ್ಪನ ತಂಡದಲ್ಲಿ ಒಂದು ಕಟ್ಟಳೆ ಉಂಟು. ಸಾಲಿನ ಕೊನೆ ಮುಟ್ಟಿ ವಾಪಸ್ ಬರುವಾಗ ಸಾಲು ಬದಲಾಯಿಸಬೇಕು. ಇವಳು ನೋಡಿದ ಸಾಲನ್ನು ಪಕ್ಕದವಳು ನೋಡಬೇಕು.

"ಒಂದು ತುದಿಯಿಂದ ಹಿಡಿ, ಒಂದನ್ನೂ ಬಿಡ್ಬೇಡ" ಎಂದ ಅಪ್ಪ. "ವಾಪಸ್ ಬರುವಾಗ ಸಾಲು ಬದ್ಲಾಯ್ಸು."

"ಇಲ್ಲಿ ಇರೋದು ನಾನೊಬ್ಳೇ ಅಪ್ಪ. ಯಾರ ಜೊತೆ ಬದ್ಲಾಯ್ಸಲಿ?"

"ಅಷ್ಟು ದೊಡ್ಡ ದೇಶದಲ್ಲಿ ಇನ್ನೊಂದು ಆಳು ಸಿಗಲ್ವಾ? ಇರ್ಲಿ, ಕೋಟು ಹೆಂಗಿದೆ?"

ಸೋಮವಾರದಿಂದ ಗುರುವಾರ: ಹಳದಿ ಬಟ್ಟೆ

ಚಿಕ್ಕಮಗಳೂರಿನ ಜವಳಿ ಅಂಗಡಿಯ ಹಳದಿ ಕೈಚೀಲವೊಂದು ನನ್ನ ಬಳಿ ಇತ್ತು. ಸೋಮವಾರ ಬೆಳಿಗ್ಗೆ ಅದನ್ನು ಉದ್ದುದ್ದ ಚೂರು ಮಾಡಿದೆ. ಮೊದಲ ಕಪಾಟಿನ ಮೇಲಿನ ಹಲಗೆಯ ಎಡ ತುದಿಯಿಂದ ಹಿಡಿದೆ. ಒಂದು ಕಪಾಟು ಮುಗಿದರೆ ಅದರ ಚಕ್ರಕ್ಕೆ ಒಂದು ಚೂರು ಕಟ್ಟುವುದು. ನಮ್ಮಲ್ಲಿ ಕಟ್ಟುವುದು ರೋಗದ ಗಿಡಕ್ಕೆ, ಇಲ್ಲಿ ನಾನು ಕಟ್ಟಿದ್ದು ನೋಡಿ ಮುಗಿದ ಸಾಲಿಗೆ. ಅಷ್ಟೇ ವ್ಯತ್ಯಾಸ.

ಮಾರನೆಯ ದಿನ ಡೊರೊಥಿ ಮೆಟ್ಟಿಲ ಬಳಿ ಕಾಯುತ್ತಿದ್ದರು. ಮುಖದಲ್ಲಿ ಬಹಳ ಮರ್ಯಾದೆ ಇತ್ತು.

"ನೋಡಿ, ನಾವು ಎಲ್ಲರ ನಂಬಿಕೆಯನ್ನೂ ಗೌರವಿಸುತ್ತೇವೆ. ಕೆಳಗೆ ಚಕ್ರಗಳಿಗೆ ಬಟ್ಟೆ ಕಟ್ಟಿದೆ ಅಂತ ಗುಡಿಸುವವರು ಹೇಳಿದರು. ಬಿಚ್ಚಲು ಅವರಿಗೆ ಭಯ. ಅದೊಂದು ಹರಕೆಯೇ?"

ನಾನು ಮೆಟ್ಟಿಲ ಮೇಲೆ ಕೂತು ನಕ್ಕೆ. ಆಮೇಲೆ ಸಾಲು, ಹೆಂಗಸರು, ಕಾಂಡದ ಉಬ್ಬು, ಬಟ್ಟೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬಟ್ಟೆ ಕಟ್ಟಿದ ಗಿಡವನ್ನು ಏನು ಮಾಡುತ್ತೀರಿ?"

"ಕಿತ್ತು ಸುಡ್ತೀವಿ."

"ನನ್ನ ಜರ್ನಲ್ಲುಗಳನ್ನು?"

"ನಿಮ್ಮವನ್ನ ಒರೆಸಿ ಮೇಜಿನ ಮೇಲೆ ಬಿಡ್ತೀನಿ."

ಅಂದಿನಿಂದ ನಮ್ಮಿಬ್ಬರಿಗೂ ಸ್ನೇಹವಾಯಿತು. ಹನ್ನೊಂದು ಗಂಟೆಗೆ ತಮ್ಮ ಕೋಣೆಗೆ ಕರೆದು, ಡಬ್ಬಿಯಿಂದ ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ಕಲಕಿ, ಕಾಫಿ ಎಂದು ಕೊಟ್ಟರು. ಹೂವಾಗುವಲ್ಲಿಂದ ಹಣ್ಣಿನ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಬೀಜ ಒಣಗಿಸುವವರೆಗೆ ಕಾಫಿಯನ್ನು ನೋಡಿ ಬೆಳೆದವಳಿಗೆ ಅದರ ಗುರುತು ಹತ್ತಲಿಲ್ಲ. ಬುಧವಾರ ನಾನೇ ಮನೆಯಿಂದ ತಂದಿದ್ದ ಪುಡಿ ಒಯ್ದು, ಒಗೆದ ಕರ್ಚೀಫಿನಲ್ಲಿ ಸೋಸಿ ಕೊಟ್ಟೆ. ಡೊರೊಥಿ ಒಂದು ಗುಟುಕು ಕುಡಿದು ಕನ್ನಡಕ ಕೆಳಗಿಳಿಸಿದರು. "ಇಷ್ಟು ದಿನ ನಾನು ಕುಡಿದದ್ದು ಏನು ಹಾಗಾದರೆ?" ಎಂದರು.

ಗುರುವಾರ ಸಂಜೆ ಕೊನೆಯ ಕಪಾಟಿನ ಚಕ್ರಕ್ಕೂ ಹಳದಿ ಚೂರು ಬಿತ್ತು. ಲೇಖನ ಸಿಗಲಿಲ್ಲ.

ಶುಕ್ರವಾರ: ವಾಪಸ್ ಸಾಲು

ಬೆಳಿಗ್ಗೆ ಡೊರೊಥಿಗೆ ಹೋಗಿ ಬರುತ್ತೇನೆ ಎಂದು ಹೇಳಲು ಹೋದೆ. ಮರುದಿನ ವಿಮಾನ. ಗೈಡಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

"ಮುಗಿಯಿತೇ?" ಎಂದರು.

"ಮುಗೀತು. ಸಿಗಲಿಲ್ಲ." ಆಮೇಲೆ ಸುಮ್ಮನೆ ಮಾತಿಗೆ ಹೇಳಿದೆ, "ನಮ್ಮಪ್ಪ ಆಗಿದ್ರೆ ವಾಪಸ್ ಬರುವಾಗ ಸಾಲು ಬದ್ಲಾಯ್ಸು ಅಂತಿದ್ರು."

"ಅಂದರೆ?"

ಹೇಳಿದೆ. ಅವರು ಕೇಳಿದ್ದು ಒಂದೇ. "ಯಾಕೆ ಬದಲಾಯಿಸಬೇಕು?"

ನಾನು ಇದನ್ನು ಹತ್ತು ವರ್ಷದವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಅಪ್ಪ ಹೇಳಿದ್ದನ್ನೇ ಹೇಳಿದೆ. "ತಾನು ನೋಡಿದ ಸಾಲನ್ನ ಮತ್ತೆ ತಾನೇ ನೋಡಿದ್ರೆ, ಬಿಟ್ಟ ಗಿಡವನ್ನೇ ಮತ್ತೆ ಬಿಡ್ತಾರೆ."

ಡೊರೊಥಿ ಮೇಜಿನ ಮೇಲೆ ಒಂದು ಫಲಕ ಇಟ್ಟರು, ಬೇರೆಯವರನ್ನು ಕೇಳಿ ಎಂದು ಬರೆದದ್ದು. ಸ್ವೆಟರಿನ ತೋಳು ಮಡಚಿದರು. "ನಡೆಯಿರಿ. ನಾನು ಹಿಂದಿನ ತುದಿಯಿಂದ ಬರುತ್ತೇನೆ."

ಮಧ್ಯಾಹ್ನ ಊಟಕ್ಕೂ ಡೊರೊಥಿ ಮೇಲೆ ಹೋಗಲಿಲ್ಲ. ಪ್ರತಿದಿನ ಒಂದೇ ಬೆಂಚಿನಲ್ಲಿ ಕೂತು ಒಂದೇ ತರಹದ ಸ್ಯಾಂಡ್‌ವಿಚ್ ತಿನ್ನುತ್ತಿದ್ದವರು ಅಂದು ಅದನ್ನು ನೆಲದಲ್ಲಿ ಕೂತು ನನ್ನ ಜೊತೆ ಹಂಚಿಕೊಂಡರು. ಮೂರು ಗಂಟೆಯ ಸುಮಾರಿಗೆ ಕಪಾಟುಗಳ ಆಚೆಯಿಂದ ದನಿ ಬಂತು.

"ನಿಮ್ಮ ಹುಳುವಿನ ಹೆಸರನ್ನು ಇನ್ನೊಮ್ಮೆ ಹೇಳಿ."

ಓಡಿದೆ. ಕೋಟು ಕಾಲಿಗೆ ತೊಡರಿ ಬಿದ್ದೆ. ಎದ್ದು ಮತ್ತೆ ಓಡಿದೆ.

ನಮ್ಮ ಜರ್ನಲ್ಲಿನ ಕೆಂಪು ಸಂಪುಟಗಳ ನಡುವೆ ಒಂದು ತೆಳ್ಳಗಿನ ಹಸಿರು ಸಂಪುಟ. ಬೆನ್ನಿನ ಮೇಲೆ ಯಾವುದೋ ಚಹಾ ತೋಟದವರ ಪತ್ರಿಕೆಯ ಹೆಸರು. ಇದು ನಮ್ಮದಲ್ಲ ಎಂದು ನಾನು ಅದನ್ನು ದಾಟಿ ಹೋಗಿದ್ದೆ. ಮೊದಲ ದಿನಗಳಲ್ಲೂ ದಾಟಿದ್ದೆ, ಸೋಮವಾರವೂ ದಾಟಿದ್ದೆ. ಡೊರೊಥಿಗೆ ನಮ್ಮದು ಯಾವುದು, ಬೇರೆಯವರದು ಯಾವುದು ಎಂಬ ಭೇದ ಇರಲಿಲ್ಲ, ಹಾಗಾಗಿ ಎಲ್ಲವನ್ನೂ ತೆರೆದರು. ಆ ಒಂದು ವರ್ಷ ಎರಡು ಪತ್ರಿಕೆಗಳನ್ನೂ ಒಟ್ಟಿಗೆ ಬೈಂಡ್ ಮಾಡಿದ್ದರು.

ನೆಲದಲ್ಲೇ ಕೂತು ಓದಿದೆ. ಮೊದಲ ಪುಟದಲ್ಲಿ ಎಲ್ಲರೂ ಎತ್ತಿ ಬರೆಯುವ ಮಾತು ಇತ್ತು: ನೆರಳಿಗೂ ಬೋರರ್‌ಗೂ ಸಂಬಂಧ ಕಾಣಲಿಲ್ಲ. ಎರಡನೆಯ ಪುಟ ಮುಗಿಯಿತು. ಮೂರನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ಸಾಹೇಬ ಒಂದು ಟಿಪ್ಪಣಿ ಹಾಕಿದ್ದ. ತಾನು ನೋಡಿದ್ದು ರಸ್ತೆ ಬದಿಯ, ನೆರಳಿಲ್ಲದ ಬಯಲು ತೋಟಗಳನ್ನು ಮಾತ್ರ. ದಟ್ಟ ನೆರಳಿನ ತೋಟಗಳೊಳಗೆ ಆ ಮಳೆಗಾಲದಲ್ಲಿ ವಿಪರೀತ ಇಂಬಳ ಇದ್ದುದರಿಂದ ಕಾಲಿಡಲು ಆಗಲಿಲ್ಲ.

ಇನ್ನೊಮ್ಮೆ ಓದಿದೆ. ಡೊರೊಥಿಗೂ ಗಟ್ಟಿಯಾಗಿ ಓದಿದೆ.

"ಇಂಬಳ ಅಷ್ಟು ಅಪಾಯವೇ?" ಎಂದರು.

"ಕಾಲಿಗೆ ಹತ್ತಿ ರಕ್ತ ಹೀರುತ್ತೆ. ನಮ್ಮ ಹೆಂಗಸರು ಸೆರಗಿನ ತುದೀಲಿ ಉಪ್ಪು ಕಟ್ಕೊಂಡು ಹೋಗ್ತಾರೆ. ಒಂದು ಚಿಟಿಕೆ ಹಾಕಿದ್ರೆ ಬಿದ್ದುಹೋಗುತ್ತೆ."

"ಹಾಗಾದರೆ ಇಷ್ಟು ವರ್ಷ ಎಲ್ಲರೂ ನಂಬಿದ್ದು, ಒಂದು ಚಿಟಿಕೆ ಉಪ್ಪು ಒಯ್ಯದವನ ಮಾತನ್ನು" ಎಂದು ಡೊರೊಥಿ ನಕ್ಕರು. ಶಬ್ದ ಮಾಡಬೇಡಿ ಎಂಬ ಫಲಕದ ಕೆಳಗೇ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮೂರು ಪುಟವನ್ನೂ ನಕಲು ಮಾಡಿಸಿಕೊಂಡೆ. ಹಳದಿ ಚೂರುಗಳನ್ನೆಲ್ಲ ಬಿಚ್ಚಿದೆ, ಡೊರೊಥಿ ಒಂದನ್ನು ಕೇಳಿ ಇಟ್ಟುಕೊಂಡರು. ಸಂಪುಟಗಳನ್ನು ಅವುಗಳ ಜಾಗಕ್ಕೆ ಸೇರಿಸಲು ಕೈ ಹೋಯಿತು, ತಡೆದೆ. ಆ ಹಸಿರು ಸಂಪುಟವನ್ನು ಮೇಜಿನ ನಡುವೆ, ತೆರೆದೇ ಬಿಟ್ಟೆ. ಅದನ್ನು ಓದಿದವರೊಬ್ಬರು ಇದ್ದಾರೆ ಎಂದು ಪಟ್ಟಿಗೆ ಸೇರಲಿ. ಹುಟ್ಟಿದಾಗಿಂದ ಅದೇ ಮೊದಲು, ತೆಗೆದ ಸಾಮಾನನ್ನು ಎತ್ತಿಡದೆ ನಾನು ಹೊರಗೆ ಬಂದದ್ದು.

ಮಲ್ಲಂದೂರು

ಗೈಡ್ ಆ ಟಿಪ್ಪಣಿಯನ್ನು ಮೂರು ಸಲ ಓದಿದರು. "ಅಲ್ಲಮ್ಮ, ನಾನು ಇವನನ್ನ ನಂಬಿ ಎರಡು ಲೇಖನ ಬರ್ದಿದೀನಲ್ಲ" ಎಂದು ಪೆನ್ನಿನ ಮುಚ್ಚಳ ತೆಗೆದರು. ಸಹಿ ಬಿತ್ತು.

ಪ್ರಬಂಧ ಬೈಂಡ್ ಆಗಿ ಬಂದಮೇಲೆ ಒಂದು ಪ್ರತಿ ಊರಿಗೆ ಒಯ್ದೆ. ಕೋಟನ್ನು ಒಗೆಸಿ ಅಮ್ಮಾವ್ರಿಗೆ ಕೊಟ್ಟಾಗಿತ್ತು. ನಾನು ಬಿದ್ದ ಕಡೆ ಅಂಚು ಹರಿದದ್ದನ್ನು ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಪ್ರಬಂಧದ ಮೊದಲ ಪುಟಗಳಲ್ಲಿ ಕೃತಜ್ಞತೆ ಹೇಳುವುದು ವಾಡಿಕೆ. ದೊಡ್ಡವರ ಹೆಸರುಗಳಾದಮೇಲೆ ಟ್ರೇಸಿಂಗ್ ಮಾಡಿದವರು ಎಂದು ಒಂದು ಪಟ್ಟಿ ಹಾಕಿದ್ದೆ. ಜಗಲಿಯಲ್ಲಿ ಕೂತು ಅಪ್ಪನಿಗೆ ಅದನ್ನು ಓದಿ ಹೇಳಿದೆ. ಗಿರಿಜ, ಸುಶೀಲ, ಲಕ್ಷ್ಮಿ, ಕಮಲ. ಒಂದೊಂದು ಹೆಸರಿಗೂ ಅಪ್ಪ ಬೆರಳು ಮಡಚಿ ಹೂಂ ಎನ್ನುತ್ತಿದ್ದ, ಎಲ್ಲ ಅವನ ತಂಡದವರೇ. ಕೊನೆಯ ಹೆಸರಿಗೆ ಬೆರಳು ನಿಂತಿತು.

"ಡೊರೊಥಿನಾ? ಇದ್ಯಾರು ಮಾರಾಯ್ತಿ? ಮೂಡಿಗೆರೆ ಕಡೆಯಿಂದ ಬಂದ ಆಳಾ?"

"ಅಲ್ಲಪ್ಪ. ಅಲ್ಲಿ ವಾಪಸ್ ಬರುವಾಗ ನನ್ನ ಸಾಲು ನೋಡಿದವ್ರು."

ಅಪ್ಪ ಹೂಂ ಎಂದ. ಆಮೇಲೆ ಆ ಬೆರಳನ್ನೂ ಮಡಚಿದ.